ಜೈಪುರದಲ್ಲಿ ಮೂರು ಕೋಟೆ, ಎರಡು ದಿನ: ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು

ಜೈಪುರಕ್ಕೆ ಎರಡು ದಿನ ಸಾಕಾ ಅಂತ ಹೊರಡುವವರೆಲ್ಲ ಕೇಳುತ್ತಾರೆ. ಸಾಕು. ಆದರೆ ಊರಿನ ಸುತ್ತ ಇರುವ ಮೂರು ಕೋಟೆಯನ್ನೂ ನೋಡಿಯೇ ಬರುತ್ತೇನೆ ಅನ್ನುವ ಹಠ ಬಿಡಬೇಕು.

ಮೊದಲ ಸಲ ಹೋದಾಗ ನಾವು ಆ ಹಠ ಬಿಟ್ಟಿರಲಿಲ್ಲ. ಒಂದು ದಿನಕ್ಕೆ ಟ್ಯಾಕ್ಸಿ ಮಾತಾಡಿಕೊಂಡು, ಬೆಳಿಗ್ಗೆ ಹವಾ ಮಹಲ್‌ನಿಂದ ಶುರು ಮಾಡಿ ಸಂಜೆ ನಾಹರಗಢದ ತನಕ ಏಳು ಜಾಗ ಸುತ್ತಿದೆವು. ಮನೆಗೆ ಬಂದು ಫೋಟೋ ನೋಡಿದರೆ ಯಾವ ಅಂಗಳ ಯಾವ ಕೋಟೆಯದು ಅಂತಲೇ ಗೊತ್ತಾಗಲಿಲ್ಲ. ಎಲ್ಲ ಕಡೆ ಹಳದಿ ಗೋಡೆ, ಎಲ್ಲ ಕಡೆ ಕಮಾನು. ಎರಡನೇ ಸಲ ಅಮ್ಮನನ್ನು ಕರೆದುಕೊಂಡು ಹೋದೆ. ಅವರಿಗೆ ಮಂಡಿ ನೋವು, ಹಾಗಾಗಿ ದಿನಕ್ಕೆ ಎರಡೇ ಜಾಗ ಅಂತ ಮೊದಲೇ ತೀರ್ಮಾನ ಆಗಿತ್ತು. ಈ ಊರು ನನಗೆ ಅರ್ಥವಾಗಿದ್ದು ಆಗಲೇ.

ಮೊದಲು ಕೋಟೆಗಳ ವಿಷಯಕ್ಕೆ ಬರೋಣ. ಆಮೇರ್, ಜೈಗಢ, ನಾಹರಗಢ ಮೂರೂ ಅರಾವಳಿ ಬೆಟ್ಟಗಳಲ್ಲಿ ಅಕ್ಕಪಕ್ಕದಲ್ಲೇ ಇವೆ. ಮೂರೂ ಕಛವಾಹ ರಜಪೂತ ರಾಜರವೇ. ಆದರೆ ಮೂರರ ಕೆಲಸ ಬೇರೆ ಬೇರೆ. ಆಮೇರ್‌ನಲ್ಲಿ ಅವರು ಸಂಸಾರ ಮಾಡಿಕೊಂಡು, ದರ್ಬಾರು ನಡೆಸಿಕೊಂಡು ಬದುಕಿದರು. ಜೈಗಢದಲ್ಲಿ ತೋಪು ಎರಕ ಹೊಯ್ದು, ನೀರು ಕೂಡಿಟ್ಟುಕೊಂಡು ಆ ಅರಮನೆಯನ್ನು ಕಾಯ್ದರು. ನಾಹರಗಢವನ್ನು ಕೆಳಗಿನ ಹೊಸ ಊರಿನ ಕಾವಲಿಗೆ ಕಟ್ಟಿದರು. ಇದರಲ್ಲಿ ನಿಮಗೆ ಯಾವುದು ನೋಡಲು ಆಸೆ ಅನ್ನುವುದು ತಿಳಿದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಒಂದೇ ಕೋಟೆಗೆ ಸಮಯ ಇದ್ದರೆ ಆಮೇರ್

ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಊರಿನಿಂದ 11 ಕಿಲೋಮೀಟರ್ ದೂರ. ಹಳೆ ಪೇಟೆಯ ದೊಡ್ಡ ಚೌಕ ಬಡೀ ಚೌಪಡ್ ಹತ್ತಿರದಿಂದ ಸಿಟಿ ಬಸ್ ಸಿಗುತ್ತದೆ, ಆಟೋ ಕೂಡ ಬರುತ್ತದೆ. ಈಗ ನಾವು ನೋಡುವ ಅರಮನೆಯನ್ನು 1592ರಲ್ಲಿ ರಾಜಾ ಮಾನ್‌ಸಿಂಗ್ ಶುರು ಮಾಡಿದ. ಅಕ್ಬರನ ದೊಡ್ಡ ಸೇನಾಪತಿ ಅವನು. ಶೀಶ್ ಮಹಲ್ ಅನ್ನುವ ಕನ್ನಡಿ ಮಹಲ್ ಸೇರಿ ನಾವೆಲ್ಲ ಬಾಯಿ ಬಿಟ್ಟು ನೋಡುವ ಭಾಗಗಳು ಆಮೇಲೆ ಬಂದ ಮಿರ್ಜಾ ರಾಜಾ ಜಯಸಿಂಗನ ಕಾಲದವು. 2013ರಲ್ಲಿ ಯುನೆಸ್ಕೋ ರಾಜಸ್ಥಾನದ ಆರು ಬೆಟ್ಟದ ಕೋಟೆಗಳನ್ನು ಒಟ್ಟಿಗೆ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಜೈಪುರದ ಕಡೆಯಿಂದ ಅದರಲ್ಲಿ ಇರುವುದು ಆಮೇರ್.

ಬೆಳಿಗ್ಗೆ 8ಕ್ಕೆ ಬಾಗಿಲು ತೆರೆಯುತ್ತದೆ. 8ಕ್ಕೇ ಅಲ್ಲಿರಿ. ಹತ್ತು ಗಂಟೆ ದಾಟಿದರೆ ಪ್ರವಾಸಿ ಬಸ್ಸುಗಳು ಬಂದು ನಿಲ್ಲುತ್ತವೆ, ಆಮೇಲೆ ಶೀಶ್ ಮಹಲ್ ಮುಂದೆ ನಿಂತು ನೋಡುವುದಕ್ಕೂ ಜಾಗ ಇರುವುದಿಲ್ಲ. ಎದುರಿನ ಬೆಟ್ಟದ ಮೇಲೆ ಹಾವಿನ ಹಾಗೆ ಹರಿದು ಹೋಗುವ ಗೋಡೆಗೆ ಬಿಸಿಲು ಬೀಳುವುದು, ಕೆಳಗೆ ಮಾವಠಾ ಕೆರೆ, ಇನ್ನೂ ಎಚ್ಚರವಾಗದ ಊರು. ಆ ಹೊತ್ತಿಗೆ ಜಲೇಬ್ ಚೌಕ್‌ನ ದೊಡ್ಡ ಅಂಗಳದಲ್ಲಿ ಸುಮ್ನೆ ಹತ್ತು ನಿಮಿಷ ಕೂತರೂ ಬಂದಿದ್ದು ಸಾರ್ಥಕ ಅನ್ನಿಸುತ್ತದೆ.

ಮೇಲೆ ಹೋಗಲು ಮೂರು ದಾರಿ. ನಡೆದು ಹೋಗಬಹುದು, ಆರಾಮಾಗಿ ಹತ್ತಿದರೆ ಹದಿನೈದು ನಿಮಿಷ. ಜೀಪ್ ಇದೆ, ಅದು ಹಿಂದಿನ ಕಡೆಯಿಂದ ಸುತ್ತಿ ಬರುತ್ತದೆ. ಮಂಡಿ ನೋವಿನವರಿಗೆ, ಚಿಕ್ಕ ಮಕ್ಕಳ ಜೊತೆ ಬಂದವರಿಗೆ ಅದೇ ಸರಿ. ಮೂರನೆಯದು ಆನೆ ಸವಾರಿ. ನಾನು ಬೇಡ ಅನ್ನುತ್ತೇನೆ. ಬೆಳಗಿನಿಂದ ಆ ಕಲ್ಲಿನ ಏರನ್ನು ಜನರನ್ನು ಹೊತ್ತು ಹತ್ತಿ ಇಳಿಯುವ ಆನೆಗಳನ್ನು ಹತ್ತಿರದಿಂದ ನೋಡಿದ ಮೇಲೆ ಅಮ್ಮ ತಾವೇ ಜೀಪ್ ಕಡೆ ತಿರುಗಿದರು.

ಒಳಗೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಗಣೇಶ್ ಪೋಲ್ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ನೀವೂ ತೆಗೆಸಿಕೊಳ್ಳಿ. ಅದು ನಿಜಕ್ಕೂ ಚೆಂದದ ಬಾಗಿಲು. ಆದರೆ ಶೀಶ್ ಮಹಲ್ ಹತ್ತಿರ ಒಂದು ಕಂಬದ ಬುಡದಲ್ಲಿ ಅಮೃತಶಿಲೆಯಲ್ಲಿ ಕೆತ್ತಿದ ಒಂದು ಹೂವಿನ ಫಲಕ ಇದೆ, ಅದನ್ನು ತಪ್ಪಿಸಿಕೊಳ್ಳಬೇಡಿ. ಕೈಯಿಂದ ಅದರ ಒಂದೊಂದು ಭಾಗ ಮುಚ್ಚಿ ನೋಡಿದರೆ ಒಮ್ಮೆ ಮೀನಿನ ಬಾಲ, ಒಮ್ಮೆ ಹೆಡೆ ಎತ್ತಿದ ಹಾವು, ಒಮ್ಮೆ ಆನೆಯ ಸೊಂಡಿಲು, ಒಮ್ಮೆ ಚೇಳು ಕಾಣುತ್ತದೆ. ಮಕ್ಕಳಿಗೆ ಕನ್ನಡಿ ಮಹಲಿಗಿಂತ ಇದೇ ಜಾಸ್ತಿ ಇಷ್ಟವಾಗುತ್ತದೆ. ಎದುರಿಗೆ ಸುಖ ನಿವಾಸ. ಗೋಡೆಯಿಂದ ನೀರು ಇಳಿದು ನೆಲದ ಕಾಲುವೆಯಲ್ಲಿ ಹರಿದು, ಅದರ ಮೇಲೆ ಬೀಸುವ ಗಾಳಿ ಕೋಣೆಯನ್ನು ತಂಪು ಮಾಡುವ ಹಾಗೆ ಕಟ್ಟಿದ್ದಾರೆ. ರಾಜಸ್ಥಾನದ ಮೇ ತಿಂಗಳನ್ನು ನೆನೆಸಿಕೊಂಡು ಆ ಕಾಲುವೆ ಪಕ್ಕ ನಿಂತು ನೋಡಿ, ಅದರ ಬೆಲೆ ತಿಳಿಯುತ್ತದೆ.

ಹಿಂದಕ್ಕೆ ಹೋದ ಹಾಗೆ ಮಾನ್‌ಸಿಂಗನ ಹಳೆಯ ಅರಮನೆ ಬರುತ್ತದೆ. ಅಲ್ಲಿಗೆ ಬರುವವರು ಕಡಿಮೆ. ನಡುವೆ ಒಂದು ಮಂಟಪ, ಸುತ್ತ ರಾಣಿಯರ ಕೋಣೆಗಳು. ಬಣ್ಣ ಮಾಸಿದೆ, ಅಲಂಕಾರ ಇಲ್ಲ. ನನಗೆ ಇಡೀ ಆಮೇರ್‌ನಲ್ಲಿ ತುಂಬ ಹಿಡಿಸಿದ್ದು ಆ ಭಾಗವೇ. ಶಿಲಾದೇವಿ ಗುಡಿಗೆ ಹೋಗುವವರು ಬೆಳಿಗ್ಗೆಯೇ ಮುಗಿಸಿಕೊಳ್ಳಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಆ ಮೂರ್ತಿಯನ್ನು ಮಾನ್‌ಸಿಂಗ್ ಬಂಗಾಳದ ಜೆಸ್ಸೋರ್‌ನಿಂದ ತಂದದ್ದು. ಬೆಳ್ಳಿ ಬಾಗಿಲಿನ ಕೆಲಸವೇ ನೋಡುವಂಥದ್ದು. ಇಳಿದ ಮೇಲೆ ಹಿಂದಿನ ಹಳ್ಳಿಯಲ್ಲಿ ಪನ್ನಾ ಮೀನಾ ಕುಂಡ ಅನ್ನುವ ಮೆಟ್ಟಿಲುಬಾವಿ ಇದೆ. ನಮ್ಮ ಕಡೆ ಕಲ್ಯಾಣಿ ಅನ್ನುತ್ತೇವಲ್ಲ, ಆ ಥರ. ಅಡ್ಡಡ್ಡ ಹೆಣೆದ ಹಾಗೆ ಮೆಟ್ಟಿಲು. ಹದಿನೈದು ನಿಮಿಷದ ಕೆಲಸ, ಬಿಡಬೇಡಿ.

ಜೈಗಢವೋ ನಾಹರಗಢವೋ

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಆಯ್ಕೆ ಇದು. ಎರಡೂ ಆಮೇರ್ ರಸ್ತೆಯಿಂದ ಬೆಟ್ಟ ಹತ್ತುವ ಒಂದೇ ದಾರಿಯಲ್ಲಿವೆ. ಮೇಲೆ ಹೋದಾಗ ದಾರಿ ಕವಲೊಡೆಯುತ್ತದೆ, ಒಂದು ಕಡೆ ಜೈಗಢ, ಇನ್ನೊಂದು ಕಡೆ ನಾಹರಗಢ. ಕಾಡಿನ ನಡುವೆ ಹೋಗುವ ರಸ್ತೆ, ನವಿಲುಗಳು ಧಾರಾಳವಾಗಿ ಕಾಣುತ್ತವೆ.

ಕೋಟೆ ಅಂದರೆ ಕೋಟೆಯ ಹಾಗೇ ಇರಬೇಕು ಅನ್ನುವವರಿಗೆ, ಚಿತ್ರದುರ್ಗದಲ್ಲಿ ಗೋಡೆಗಳನ್ನೂ ಹೊಂಡಗಳನ್ನೂ ಬಿಟ್ಟು ಬರಲು ಮನಸ್ಸಾಗದವರಿಗೆ, ಜೈಗಢ. 1726ರಲ್ಲಿ, ಜೈಪುರ ಊರನ್ನು ಕಟ್ಟಿಸಿದ ಸವಾಯಿ ಜಯಸಿಂಗ್ ಕಟ್ಟಿಸಿದ್ದು. ಆಮೇರ್ ಅರಮನೆಯ ತಲೆಯ ಮೇಲೇ ಕೂತಿದೆ, ಅಲ್ಲಿಂದ ಇಲ್ಲಿಗೆ ಹಳೆಯ ಸುರಂಗದ ದಾರಿಯೂ ಇದೆ. ತೆರೆದಿದ್ದರೆ, ಕಾಲಲ್ಲಿ ಶಕ್ತಿ ಇದ್ದರೆ, ಆಮೇರ್ ಮುಗಿಸಿ ಆ ದಾರಿಯಲ್ಲೇ ಹತ್ತಿ ಹೋಗಬಹುದು.

ಎಲ್ಲರೂ ಅಲ್ಲಿಗೆ ಹೋಗುವುದು ಜೈವಾಣ ತೋಪು ನೋಡಲು. ತೂಕ 50 ಟನ್, ನಳಿಗೆಯೇ 6 ಮೀಟರ್‌ಗಿಂತ ಉದ್ದ, ಇಲ್ಲೇ ಎರಕ ಹೊಯ್ದದ್ದು. ಒಂದೇ ಒಂದು ಸಲ ಹಾರಿಸಿ ನೋಡಿದ್ದು, ಯುದ್ಧಕ್ಕೆ ಬಳಸಲೇ ಇಲ್ಲ. ಗುಂಡು 35 ಕಿಲೋಮೀಟರ್ ಆಚೆ ಬಿದ್ದು ಅಲ್ಲೊಂದು ಕೆರೆಯೇ ಆಯಿತು ಅಂತ ಗೈಡ್‌ಗಳು ಹೇಳುತ್ತಾರೆ. ಆ ಕಥೆಯನ್ನು ಕಥೆಯಾಗಿ ಕೇಳಿ. ನಿಜವಾಗಿ ನೋಡಬೇಕಾದದ್ದು ಎರಕದ ಮನೆ. ಅಲ್ಲಿ ಲೋಹ ಕರಗಿಸುವ ಕುಲುಮೆ ಇದೆ, ಬೆಟ್ಟದ ಗಾಳಿಯನ್ನೇ ಅದಕ್ಕೆ ಹಾಯಿಸುವ ಏರ್ಪಾಡು ಇದೆ, ಎತ್ತು ಕಟ್ಟಿ ತಿರುಗಿಸಿ ನಳಿಗೆ ಕೊರೆಯುತ್ತಿದ್ದ ಯಂತ್ರ ಇದೆ. ಗಾಣದ ಹಾಗೆ ಎತ್ತು ಸುತ್ತುವುದನ್ನು ಮನಸ್ಸಲ್ಲಿ ಚಿತ್ರಿಸಿಕೊಂಡರೆ ಆ ತೋಪು ಹೇಗೆ ಹುಟ್ಟಿತು ಅನ್ನುವುದು ಕಣ್ಣಿಗೆ ಕಟ್ಟುತ್ತದೆ.

ಅದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರಿನ ಕೆಲಸ. ಬೆಟ್ಟದ ತುದಿಯಲ್ಲಿ ಕೋಟೆ, ಬಾವಿ ತೋಡಿದರೆ ನೀರು ಬರುವ ಜಾಗ ಅಲ್ಲ. ಹಾಗಾಗಿ ಸುತ್ತಲ ಗುಡ್ಡಗಳ ಮೇಲೆ ಬಿದ್ದ ಮಳೆಯನ್ನು ಕಾಲುವೆಗಳಲ್ಲಿ ಹಿಡಿದು, ದಾರಿಯಲ್ಲಿ ಗುಂಡಿಗಳಲ್ಲಿ ಮಣ್ಣು ತಳಕ್ಕೆ ಇಳಿಯುವಂತೆ ಮಾಡಿ, ತಿಳಿ ನೀರನ್ನು ಕೋಟೆಯೊಳಗಿನ ದೊಡ್ಡ ತೊಟ್ಟಿಗಳಿಗೆ ತುಂಬಿಸುತ್ತಿದ್ದರು. ಮೇಲೆ ಚಾವಣಿ ಹಾಕಿದ ತೊಟ್ಟಿಗಳೂ ಇವೆ. ತುರ್ತು ಪರಿಸ್ಥಿತಿಯ ದಿನಗಳಲ್ಲಿ, 1976ರಲ್ಲಿ, ಇಲ್ಲಿ ನಿಧಿ ಇದೆ ಅಂತ ಸರ್ಕಾರವೇ ಅಗೆಸಿತ್ತು. ಏನೂ ಸಿಗಲಿಲ್ಲ ಅಂತ ಸರ್ಕಾರ ಹೇಳಿತು. ಬೇಸಿಗೆಯಲ್ಲಿ ಬಾಯಾರಿ ಆ ತೊಟ್ಟಿಯ ಅಂಚಿಗೆ ಬಂದು ನಿಂತರೆ, ಅಲ್ಲಿದ್ದ ನಿಧಿ ಯಾವುದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ನಾಹರಗಢದ ಲೆಕ್ಕವೇ ಬೇರೆ. 1734ರದ್ದು. ಅದನ್ನು ಕೋಟೆ ಅಂತ ನೋಡಲು ಹೋದರೆ ಸ್ವಲ್ಪ ನಿರಾಸೆ ಆಗಬಹುದು. ಒಳಗೆ ಮುಖ್ಯವಾಗಿ ಇರುವುದು ಮಾಧವೇಂದ್ರ ಭವನ: ಒಬ್ಬೊಬ್ಬ ರಾಣಿಗೆ ಒಂದೊಂದರಂತೆ ಒಂದೇ ಅಚ್ಚಿನ ಒಂಬತ್ತು ಮನೆಗಳು, ಎಲ್ಲವನ್ನೂ ಜೋಡಿಸುವ ಓಣಿಗಳು. ಅರ್ಧ ಗಂಟೆಯಲ್ಲಿ ನೋಡಿ ಮುಗಿಯುತ್ತದೆ. ಆದರೆ ಸಂಜೆ ಗೋಡೆಯ ಅಂಚಿಗೆ ಬಂದು ಕೆಳಗೆ ನೋಡಿ. ಇಡೀ ಜೈಪುರ ಕಾಲಡಿ ಹರಡಿಕೊಂಡಿರುತ್ತದೆ. ಸವಾಯಿ ಜಯಸಿಂಗ್ 1727ರಲ್ಲಿ ರಾಜಧಾನಿಯನ್ನು ಆಮೇರ್‌ನ ಬೆಟ್ಟದಿಂದ ಈ ಬಯಲಿಗೆ ಇಳಿಸಿದಾಗ, ವಿದ್ಯಾಧರ ಭಟ್ಟಾಚಾರ್ಯ ಅನ್ನುವ ಬಂಗಾಳಿ ಪಂಡಿತನ ಕೈಯಲ್ಲಿ ಚೌಕ ಚೌಕವಾಗಿ ನಕ್ಷೆ ಹಾಕಿಸಿ ಕಟ್ಟಿಸಿದ ಊರು ಇದು. ಹಳೆ ಪೇಟೆಯ ರಸ್ತೆಗಳು ನೇರ ಗೆರೆ ಎಳೆದ ಹಾಗೆ ಹೋಗುವುದು ಮೇಲಿನಿಂದಲೇ ಚೆನ್ನಾಗಿ ತಿಳಿಯುತ್ತದೆ. ದೀಪ ಹತ್ತುವ ಹೊತ್ತಿಗೆ ಆ ಗೆರೆಗಳು ಒಂದೊಂದಾಗಿ ಬೆಳಗುತ್ತಾ ಬರುತ್ತವೆ.

ಹಾಗಾಗಿ ನನ್ನ ಮಾತು ಇಷ್ಟು. ಯಂತ್ರ, ಆಯುಧ, ನೀರು, ಗೋಡೆ ಇಷ್ಟಪಡುವವರು ಮಧ್ಯಾಹ್ನದ ಎರಡು ಗಂಟೆಯನ್ನು ಜೈಗಢಕ್ಕೆ ಕೊಡಿ. ಒಂದು ಒಳ್ಳೆಯ ಸಂಜೆ ಸಾಕು ಅನ್ನುವವರು ನಾಹರಗಢಕ್ಕೆ ನೇರ ಹೋಗಿ. ಎರಡೂ ಬೇಕು ಅಂದರೆ ಎರಡನೇ ದಿನ ಮಧ್ಯಾಹ್ನ ಎರಡೂವರೆಗೆ ಜೈಗಢ, ಅಲ್ಲಿಂದ ಸಂಜೆಗೆ ನಾಹರಗಢ. ಆಮೇರ್ ನೋಡಿದ ದಿನವೇ ಇವೆರಡನ್ನೂ ತುರುಕಬೇಡಿ. ನಾನು ತುರುಕಿದ್ದೆ, ಜೈಗಢದಲ್ಲಿ ತೋಪಿನ ಮುಂದೆ ಹತ್ತು ನಿಮಿಷ ನಿಂತದ್ದು ಬಿಟ್ಟರೆ ಬೇರೇನೂ ನೋಡಲಿಲ್ಲ. ಎರಕದ ಮನೆ ಇದೆ ಅಂತಲೂ ಆಗ ಗೊತ್ತಾಗಲಿಲ್ಲ.

ಊರೊಳಗಿನ ಮೂರು

ಹವಾ ಮಹಲ್, ಜಂತರ್ ಮಂತರ್ ಅನ್ನುವ ಹಳೆಯ ವೇಧಶಾಲೆ, ಸಿಟಿ ಪ್ಯಾಲೇಸ್ ಒಂದಕ್ಕೊಂದು ನಡೆದು ಹೋಗುವಷ್ಟು ಹತ್ತಿರ. ಬಡೀ ಚೌಪಡ್ ತನಕ ಮೆಟ್ರೋ ಬರುತ್ತದೆ. ಅಲ್ಲಿಳಿದರೆ ಮುಂದಕ್ಕೆ ಕಾಲೇ ಸಾಕು.

ಹವಾ ಮಹಲ್‌ನ ಚೆಲುವೆಲ್ಲ ಹೊರಗಿನಿಂದ. 1799ರಲ್ಲಿ ಸವಾಯಿ ಪ್ರತಾಪ್‌ಸಿಂಗ್ ಕಟ್ಟಿಸಿದ್ದು. ಐದು ಅಂತಸ್ತು, 953 ಪುಟ್ಟ ಕಿಟಕಿ. ಪರದೆಯಲ್ಲಿರುತ್ತಿದ್ದ ರಾಣಿವಾಸದವರು ರಸ್ತೆಯ ಮೆರವಣಿಗೆ ನೋಡಲಿ ಅಂತ ಮಾಡಿದ್ದು. ಪ್ರತಾಪ್‌ಸಿಂಗ್ ಕೃಷ್ಣಭಕ್ತ, ಬ್ರಜನಿಧಿ ಅನ್ನುವ ಅಂಕಿತದಲ್ಲಿ ಪದ ಬರೆದವನು. ಕಟ್ಟಡ ಕೃಷ್ಣನ ಕಿರೀಟದ ಆಕಾರದಲ್ಲಿದೆ ಅನ್ನುತ್ತಾರೆ. ಮುಖ ಪೂರ್ವಕ್ಕಿದೆ. ಆದ್ದರಿಂದ ಬೆಳಿಗ್ಗೆ ಬಿಸಿಲು ಬಂದ ಹೊತ್ತಿಗೆ ಎದುರಿನ ಪುಟ್‌ಪಾತಿನಲ್ಲಿ ನಿಂತರೆ ಗುಲಾಬಿ ಕಲ್ಲಿಗೆ ನೇರ ಬಿಸಿಲು ಬಿದ್ದಿರುತ್ತದೆ, ರಸ್ತೆಯೂ ಖಾಲಿ. ಮಧ್ಯಾಹ್ನದ ಮೇಲೆ ಬಂದರೆ ಅದು ನೆರಳಲ್ಲಿರುತ್ತದೆ. ಒಳಗೆ ಹೋಗುವ ಬಾಗಿಲು ಹಿಂದಿನ ಕಡೆ ಇದೆ, ಎಷ್ಟೋ ಜನ ಮುಂದೆ ಹುಡುಕುತ್ತಾ ನಿಲ್ಲುತ್ತಾರೆ. ಮೇಲಿನ ಅಂತಸ್ತುಗಳಿಗೆ ಇಳಿಜಾರಿನ ದಾರಿ, ಕಿರಿದು. ಸಮಯ ಕಡಿಮೆ ಇದ್ದರೆ ಹೊರಗಿನಿಂದ ನೋಡಿ ಮುಂದೆ ಹೋಗಿ, ನಷ್ಟ ಏನಿಲ್ಲ.

ಇನ್ನು ಉಳಿದಿದ್ದು ಜಂತರ್ ಮಂತರ್, ಸಿಟಿ ಪ್ಯಾಲೇಸ್. ಎರಡರಲ್ಲಿ ಒಂದು ಅಂದರೆ ನನ್ನ ಓಟು ಜಂತರ್ ಮಂತರ್‌ಗೆ, ಒಂದು ಶರತ್ತಿನ ಮೇಲೆ: ಬಿಸಿಲಿರಬೇಕು, ಗೈಡ್ ಇರಬೇಕು. ಬಿಸಿಲಿಲ್ಲದ ದಿನ ಅಲ್ಲಿರುವ ಯಂತ್ರಗಳೆಲ್ಲ ಸುಮ್ಮನೆ ನಿಂತ ಕಟ್ಟಡ. ಬಿಸಿಲಿದ್ದರೆ ಅವು ಕೆಲಸ ಮಾಡುತ್ತಿರುತ್ತವೆ. ಸಮ್ರಾಟ್ ಯಂತ್ರ 27 ಮೀಟರ್ ಎತ್ತರದ ನೆರಳು ಗಡಿಯಾರ. ಅದರ ಓರೆ ಗೋಡೆ 27 ಡಿಗ್ರಿ ಕೋನದಲ್ಲಿದೆ, ಯಾಕೆಂದರೆ ಜೈಪುರ ಇರುವುದು 27 ಡಿಗ್ರಿ ಅಕ್ಷಾಂಶದಲ್ಲಿ, ಆ ಗೋಡೆಯ ಅಂಚು ಹಿಡಿದು ಹೋದರೆ ನೇರ ಧ್ರುವ ನಕ್ಷತ್ರದ ಕಡೆಗೆ. ನೆರಳಿನ ಅಂಚಿಗೆ ಬೆರಳಿಟ್ಟು ನಿಲ್ಲಿ. ಸೆಕೆಂಡಿಗೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ ಅದು ಸರಿಯುತ್ತದೆ, ಒಂದು ನಿಮಿಷಕ್ಕೆ ಸುಮಾರು ನಾಲ್ಕು ಬೆರಳಗಲ. ಭೂಮಿ ತಿರುಗುವುದನ್ನು ಕಣ್ಣಾರೆ ನೋಡಿದ ಹಾಗೆ! ಕೈಗಡಿಯಾರದ ಜೊತೆ ಹೋಲಿಸಿದರೆ ಅರ್ಧ ಗಂಟೆಯಷ್ಟು ವ್ಯತ್ಯಾಸ ಕಾಣುತ್ತದೆ. ಯಂತ್ರ ತಪ್ಪಲ್ಲ. ಅದು ತೋರಿಸುವುದು ಜೈಪುರದ ಸೂರ್ಯನ ಸಮಯ, ನಮ್ಮ ಗಡಿಯಾರ ಇಡೀ ದೇಶಕ್ಕೆ ಒಂದೇ ಸಮಯ ಇಟ್ಟುಕೊಂಡಿದೆ. ರಾಶಿವಲಯದಲ್ಲಿ ಹನ್ನೆರಡು ರಾಶಿಗೂ ಒಂದೊಂದು ಯಂತ್ರ ಇದೆ. ಅಮ್ಮ ತಮ್ಮ ರಾಶಿಯ ಯಂತ್ರ ಹುಡುಕಿ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಸವಾಯಿ ಜಯಸಿಂಗ್ ಇಂಥ ವೇಧಶಾಲೆಗಳನ್ನು ದೆಹಲಿ, ಉಜ್ಜಯಿನಿ, ವಾರಾಣಸಿ, ಮಥುರಾದಲ್ಲೂ ಕಟ್ಟಿಸಿದ್ದ. ಎಲ್ಲಕ್ಕಿಂತ ದೊಡ್ಡದು ಇದು, 2010ರಿಂದ ವಿಶ್ವ ಪರಂಪರೆಯ ತಾಣ. ನೆರಳಿಗೆ ಜಾಗ ಕಡಿಮೆ, ಟೋಪಿ ಇರಲಿ.

ಸಿಟಿ ಪ್ಯಾಲೇಸ್ ವಯಸ್ಸಾದವರಿಗೆ ಒಳ್ಳೆಯದು. ಹೆಚ್ಚು ಹತ್ತಿಳಿಯುವುದು ಇಲ್ಲ, ಕೂರಲು ಜಾಗ ಇದೆ. ಗಂಗಾಜಲಿ ಅನ್ನುವ ಎರಡು ಬೆಳ್ಳಿ ಹಂಡೆಗಳ ಮುಂದೆ ಅಮ್ಮ ಹೆಚ್ಚು ಹೊತ್ತು ನಿಂತರು. 1902ರಲ್ಲಿ ಏಳನೇ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕೆ ಇಂಗ್ಲೆಂಡಿಗೆ ಹೊರಟ ಎರಡನೇ ಮಾಧೋಸಿಂಗ್, ಅಲ್ಲಿನ ನೀರು ಕುಡಿಯಬಾರದು ಅಂತ ಇವುಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹಡಗಿನಲ್ಲಿ ಹೋದ. ಒಂದೊಂದರಲ್ಲೂ ಸುಮಾರು 4000 ಲೀಟರ್ ಹಿಡಿಯುತ್ತದೆ. ಪ್ರೀತಮ್ ನಿವಾಸ್ ಚೌಕ್‌ನಲ್ಲಿ ನಾಲ್ಕು ಋತುಗಳ ನಾಲ್ಕು ಬಾಗಿಲು ಇವೆ. ನವಿಲಿನ ಬಾಗಿಲ ಮುಂದೆಯೇ ಜನ ಮುತ್ತಿಕೊಂಡಿರುತ್ತಾರೆ, ತಾವರೆಯದೂ ಗುಲಾಬಿಯದೂ ಅಷ್ಟೇ ಚೆಂದ. ರಾಜಮನೆತನದವರು ವಾಸ ಇರುವ ಚಂದ್ರಮಹಲ್‌ನ ಒಳಗೆ ಹೋಗಲು ಬೇರೆ ದುಬಾರಿ ಟಿಕೆಟ್ ಇದೆ. ಮೊದಲ ಸಲ ಬಂದವರಿಗೆ ಮಾಮೂಲಿ ಟಿಕೆಟ್ಟೇ ಸಾಕು. ಮೈಸೂರು ಅರಮನೆಯ ದರ್ಬಾರ್ ಹಾಲ್ ಕಣ್ಣಲ್ಲಿ ಇಟ್ಟುಕೊಂಡು ಬರಬೇಡಿ. ಇಲ್ಲಿನದು ಅಂಗಳಗಳ ಅರಮನೆ.

ಟಿಕೆಟ್, ಇನ್ನಷ್ಟು

ರಾಜ್ಯ ಸರ್ಕಾರದ ಕಂಪೋಸಿಟ್ ಟಿಕೆಟ್ ಅಂತ ಒಂದಿದೆ. ಆಮೇರ್, ನಾಹರಗಢ, ಹವಾ ಮಹಲ್, ಜಂತರ್ ಮಂತರ್, ಆಲ್ಬರ್ಟ್ ಹಾಲ್ ಮ್ಯೂಸಿಯಂ ಎಲ್ಲ ಅದರಲ್ಲಿ ಸೇರಿವೆ, ಎರಡು ದಿನ ನಡೆಯುತ್ತದೆ. ಮೂರು ಜಾಗಕ್ಕಿಂತ ಜಾಸ್ತಿ ನೋಡುವವರು ಮೊದಲ ಕೌಂಟರಿನಲ್ಲೇ ಅದನ್ನು ಕೇಳಿ. ಸಿಟಿ ಪ್ಯಾಲೇಸ್, ಜೈಗಢ ಇದರಲ್ಲಿ ಬರುವುದಿಲ್ಲ. ಅವು ರಾಜಮನೆತನದ ಟ್ರಸ್ಟ್‌ಗಳ ಕೈಯಲ್ಲಿವೆ, ಟಿಕೆಟ್ ಬೇರೆ.

ಕೆರೆಯ ನಡುವೆ ಇರುವ ಜಲ ಮಹಲ್‌ಗೆ ಅಂತ ಅರ್ಧ ದಿನ ಇಡುವವರಿದ್ದಾರೆ, ಬೇಡ. ಒಳಗೆ ಬಿಡುವುದಿಲ್ಲ. ಆಮೇರ್‌ನಿಂದ ವಾಪಸ್ ಬರುವಾಗ ರಸ್ತೆ ಪಕ್ಕ ಗಾಡಿ ನಿಲ್ಲಿಸಿ ಹದಿನೈದು ನಿಮಿಷ ನೋಡಿದರೆ ಮುಗಿಯಿತು. ಆಲ್ಬರ್ಟ್ ಹಾಲ್ ರಾತ್ರಿ ದೀಪದಲ್ಲಿ ಹೊರಗಿನಿಂದ ಸೊಗಸು, ಒಳಗೆ ಈಜಿಪ್ಟಿನ ಮಮ್ಮಿ ಇರುವುದರಿಂದ ಮಕ್ಕಳಿಗೆ ಖುಷಿ. ಗೇಟೋರ್‌ನ ರಾಜರ ಛತ್ರಿಗಳಿಗೆ, ಅಂದರೆ ಸ್ಮಾರಕ ಮಂಟಪಗಳಿಗೆ, ಜನ ಬರುವುದೇ ಕಡಿಮೆ. ಅಮೃತಶಿಲೆಯ ಕೆತ್ತನೆಯನ್ನು ಗಲಾಟೆ ಇಲ್ಲದೆ ನೋಡಬೇಕು ಅಂದರೆ ಅದಕ್ಕಿಂತ ಒಳ್ಳೆಯ ಜಾಗ ಊರಲ್ಲಿಲ್ಲ. ನಾಹರಗಢಕ್ಕೆ ಹೋಗಲು ಆಗದಿದ್ದರೆ ತ್ರಿಪೋಲಿಯಾ ಬಜಾರಿನ ಈಸರ್‌ಲಾಟ್ ಗೋಪುರ ಹತ್ತಿ. 1749ರದ್ದು. ಅಲ್ಲಿಂದಲೂ ಹಳೆ ಪೇಟೆ ಸುತ್ತಲೂ ಕಾಣುತ್ತದೆ.

ಪೇಟೆಯಲ್ಲಿ ಮನಿಹಾರೋಂ ಕಾ ರಾಸ್ತಾಕ್ಕೆ ಹೋದರೆ ಅರಗಿನ ಬಳೆ ಕಣ್ಣೆದುರೇ ಮಾಡಿಕೊಡುತ್ತಾರೆ. ಆಟೋದವರು ಸರ್ಕಾರಿ ಅಂಗಡಿ, ಸುಮ್ನೆ ನೋಡಿ ಬನ್ನಿ ಅಂತ ಕರೆದುಕೊಂಡು ಹೋದರೆ ಒಪ್ಪಿಕೊಳ್ಳಬೇಡಿ. ಒಮ್ಮೆ ಹಾಗೆ ಹೋಗಿ ಒಂದು ಗಂಟೆ ಹಾಳಾಗಿ, ಜಂತರ್ ಮಂತರ್ ಮುಚ್ಚುವ ಹೊತ್ತಿಗೆ ಓಡಿ ತಲುಪಿದ್ದೇವೆ.

ಹೋಗುವ ತಿಂಗಳೂ ಆಯ್ಕೆಯನ್ನು ಬದಲಿಸುತ್ತದೆ. ನವೆಂಬರ್‌ನಿಂದ ಫೆಬ್ರವರಿ ತನಕ ಮೇಲೆ ಹೇಳಿದ್ದು ಹಾಗೇ ನಡೆಯುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ಐದೂವರೆ ದಾಟಿದರೆ ಸೂರ್ಯ ಮುಳುಗಿಬಿಡುತ್ತದೆ, ನಾಲ್ಕೂವರೆಗೆಲ್ಲ ನಾಹರಗಢದಲ್ಲಿರಿ. ಏಪ್ರಿಲ್, ಮೇನಲ್ಲಿ ಮಕ್ಕಳ ರಜೆ ಅಂತ ಹೋಗಲೇಬೇಕಾದರೆ ಜೈಗಢ ಬಿಡಿ. ಆಮೇರ್ 8ಕ್ಕೆ ಶುರು ಮಾಡಿ ಹತ್ತೂವರೆಗೆ ಇಳಿದುಬಿಡಿ, ಮಧ್ಯಾಹ್ನ ರೂಮಿನಲ್ಲಿ ಮಲಗಿ, ಸಂಜೆ ನಾಹರಗಢ.

ನಾಹರಗಢಕ್ಕೆ ಹೋಗುವಾಗ ಮಾತ್ರ ಗಾಡಿಯವರನ್ನು ವಾಪಸ್ ಕಳಿಸಬೇಡಿ. ಕಾಯುವ ದುಡ್ಡನ್ನು ಮೊದಲೇ ಮಾತಾಡಿಕೊಂಡು ನಿಲ್ಲಿಸಿಕೊಳ್ಳಿ. ಕತ್ತಲಾದ ಮೇಲೆ ಆ ಕಾಡಿನ ರಸ್ತೆಯಲ್ಲಿ ಖಾಲಿ ಆಟೋ ಸಿಗುವುದಿಲ್ಲ.